ಮೊದಲ ವಾರ ಇಳಿದಿದ್ದು ಕೊಬ್ಬಲ್ಲ, ನೀರು

ಪ್ರಶ್ನೆ: ಡಾಕ್ಟ್ರೇ, ನನಗೆ 43 ವರ್ಷ, ತೂಕ 86 ಕೆಜಿ ಇತ್ತು. ಅನ್ನ, ಗೋಧಿ, ಸಕ್ಕರೆ, ಆಲೂಗಡ್ಡೆ ಬಿಟ್ಟು ಐದು ವಾರ ಆಯ್ತು. ಮೊದಲ ವಾರವೇ ಎರಡೂವರೆ ಕೆಜಿ ಇಳಿಯಿತು, ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದೆ. ಆಮೇಲೆ ವಾರಕ್ಕೆ ಅರ್ಧ ಕೆಜಿ ಇಳಿದರೆ ಹೆಚ್ಚು. ಮೊನ್ನೆ ನೆಂಟರ ಮನೆಯಲ್ಲಿ ಹೊಟ್ಟೆ ತುಂಬ ಉಂಡೆ, ಮಾರನೇ ದಿನ ಒಂದೂವರೆ ಕೆಜಿ ಏರಿದೆ! ಒಂದು ಊಟಕ್ಕೆ ಇಷ್ಟಾ? ಆಗಾಗ ತಲೆನೋವು, ಸುಸ್ತು ಬೇರೆ. ಬಿಟ್ಟುಬಿಡಲಾ? ಅಂದಹಾಗೆ, ಎರಡು ವರ್ಷದಿಂದ ಶುಗರ್ ಮಾತ್ರೆ ನುಂಗುತ್ತಿದ್ದೇನೆ.

ಉತ್ತರ: ಆ ಕೊನೆಯ ಸಾಲನ್ನು ಮೊದಲು ಬರೆಯಬೇಕಿತ್ತು ನೀವು! ಕಾರ್ಬ್, ಅಂದರೆ ನೀವು ಬಿಟ್ಟ ಅನ್ನ, ಗೋಧಿಯಲ್ಲಿರುವ ಪಿಷ್ಟ ಮತ್ತು ಸಕ್ಕರೆ, ಕಮ್ಮಿಯಾದರೆ ರಕ್ತದ ಸಕ್ಕರೆ ತಾನಾಗಿ ಇಳಿಯುತ್ತದೆ, ಮಾತ್ರೆ ಮಾತ್ರ ಹಳೆಯ ಊಟದ ಲೆಕ್ಕದಲ್ಲೇ ಕೆಲಸ ಮಾಡುತ್ತಿರುತ್ತದೆ. ಗ್ಲಿಮೆಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ಆದರೆ ಸಕ್ಕರೆ ತೀರಾ ಕೆಳಗೆ ಹೋಗಬಹುದು. ನಿಮ್ಮ ಸುಸ್ತು ಅದೇ ಇರಬಹುದು. ಸುಸ್ತಾದ ಹೊತ್ತಿಗೇ ಒಮ್ಮೆ ಸಕ್ಕರೆ ಚೆಕ್ ಮಾಡಿ, 70 mg/dLಗಿಂತ ಕೆಳಗಿದ್ದರೆ ತಕ್ಷಣ ಏನಾದರೂ ಸಿಹಿ ತಗೊಳ್ಳಿ. ಇನ್ನು ಹೆಸರು ‘ಗ್ಲಿಫ್ಲೋಜಿನ್’ ಅಂತ ಮುಗಿಯುವ ಮಾತ್ರೆ, ಡಾಪಾಗ್ಲಿಫ್ಲೋಜಿನ್ ಅಂಥದ್ದು, ಇದ್ದರೆ ಈ ಪಥ್ಯದ ಜೊತೆ ಇನ್ನೂ ಅಪಾಯ: ಸಕ್ಕರೆ ಅಷ್ಟೇನೂ ಏರದೆಯೇ ರಕ್ತ ಆಮ್ಲೀಯವಾಗಬಹುದು. ಮಾತ್ರೆ ಕೊಟ್ಟ ಡಾಕ್ಟರನ್ನು ಈ ವಾರವೇ ನೋಡಿ, ನೀವಾಗಿ ಡೋಸ್ ಬದಲಿಸಬೇಡಿ.

ಈಗ ತೂಕದ ಕಥೆ. ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಸುಮಾರು ಅರ್ಧ ಕೆಜಿ ಗ್ಲೈಕೋಜನ್ ಇರುತ್ತದೆ, ಅಂದರೆ ಕೂಡಿಟ್ಟ ಸಕ್ಕರೆ. ಅದರ ಒಂದೊಂದು ಗ್ರಾಂ ತನ್ನ ಜೊತೆ ಸುಮಾರು 3 ಗ್ರಾಂ ನೀರು ಹಿಡಿದುಕೊಂಡಿರುತ್ತದೆ. ಕಾರ್ಬ್ ಬಿಟ್ಟಾಗ ಈ ದಾಸ್ತಾನು ಖರ್ಚಾಗುತ್ತದೆ, ನೀರೂ ಹೋಗುತ್ತದೆ. ಮೇಲಿಂದ ಇನ್ಸುಲಿನ್ ಕಮ್ಮಿಯಾದಾಗ ಕಿಡ್ನಿ ಉಪ್ಪನ್ನು ಜಾಸ್ತಿ ಹೊರಗೆ ಬಿಡುತ್ತದೆ, ಉಪ್ಪಿನ ಹಿಂದೆ ಇನ್ನಷ್ಟು ನೀರು. ಶುರುವಿನ ದಿನಗಳ ತಲೆನೋವಿಗೂ ಹೆಚ್ಚಾಗಿ ಇದೇ ಕಾರಣ. ನಿಮ್ಮ ಎರಡೂವರೆ ಕೆಜಿಯಲ್ಲಿ ಬಹುಪಾಲು ಇದೇ.

ನೆಂಟರ ಮನೆಯ ಊಟದಲ್ಲಿ ಆಗಿದ್ದು ಇದರ ಉಲ್ಟಾ. ಒಂದೂವರೆ ಕೆಜಿ ಕೊಬ್ಬು ಮೈಗೆ ಹತ್ತಬೇಕಾದರೆ 11,000ಕ್ಕಿಂತ ಹೆಚ್ಚು ಕ್ಯಾಲರಿ ಮಿಕ್ಕಬೇಕು. ನೆಂಟರು ಎಷ್ಟೇ ಒತ್ತಾಯ ಮಾಡಿ ಬಡಿಸಿದರೂ ಅಷ್ಟು ಸಾಧ್ಯವಿಲ್ಲ ಅಲ್ವಾ? ನಾಲ್ಕು ದಿನ ತೂಕದ ಯಂತ್ರದ ಕಡೆ ಹೋಗಬೇಡಿ, ಬೆಲ್ಟಿನ ತೂತು ನೋಡಿಕೊಳ್ಳಿ. ವಾರಕ್ಕೆ ಅರ್ಧ ಕೆಜಿ ಅಂತ ಬೇಜಾರು ಮಾಡಿಕೊಂಡಿದ್ದೀರಲ್ಲ, ನಿಜವಾಗಿ ಕೊಬ್ಬು ಕರಗುತ್ತಿರುವುದು ಆ ಅರ್ಧ ಕೆಜಿಯಲ್ಲೇ.

ಬಿಟ್ಟುಬಿಡಲಾ ಅಂದಿರಿ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 609 ಜನರನ್ನು ಒಂದು ವರ್ಷ ನೋಡಿದರು, ಅರ್ಧ ಜನ ಕಾರ್ಬ್ ಕಮ್ಮಿ ಮಾಡಿದರು, ಉಳಿದರ್ಧ ಕೊಬ್ಬು ಕಮ್ಮಿ ಮಾಡಿದರು. 2018ರಲ್ಲಿ ಫಲಿತಾಂಶ ಬಂತು: ಒಂದು ಗುಂಪಿಗೆ ಸರಾಸರಿ 6 ಕೆಜಿ, ಇನ್ನೊಂದಕ್ಕೆ 5.3 ಕೆಜಿ ಇಳಿದಿತ್ತು. ಲೆಕ್ಕಕ್ಕೆ ಬರುವಂಥ ವ್ಯತ್ಯಾಸವೇ ಅಲ್ಲ. ಆದರೆ ಶುಗರ್ ಇರುವವರಿಗೆ ಕಾರ್ಬ್ ಕಮ್ಮಿ ಮಾಡುವುದರಿಂದ ಬೇರೆ ಲಾಭವೂ ಉಂಟು, ಸಕ್ಕರೆ ಹಿಡಿತಕ್ಕೆ ಬರುತ್ತದೆ, ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು ಇಳಿಯುತ್ತದೆ. ಹಾಗಾಗಿ ಪೂರ್ತಿ ಬಿಡಬೇಡಿ, ಸ್ವಲ್ಪ ಸಡಿಲ ಮಾಡಿ. ಬೇಳೆಕಾಳು, ತರಕಾರಿ ತಿನ್ನಿ, ಇಲ್ಲದಿದ್ದರೆ ಮಲಬದ್ಧತೆ ಗ್ಯಾರಂಟಿ. ಮೂರು ತಿಂಗಳಿಗೆ ಕೊಲೆಸ್ಟ್ರಾಲ್ ನೋಡಿಸಿ, ಕೆಲವರಿಗೆ ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ ಏರಿಬಿಡುತ್ತದೆ.

ಪ್ರಶ್ನೆ: ಕಾರ್ಬ್ ಮುಟ್ಟದಿದ್ದರೆ ಬಾದಾಮಿ, ಬೆಣ್ಣೆ ಎಷ್ಟು ಬೇಕಾದರೂ ತಿನ್ನಬಹುದಂತೆ, ಹೌದಾ?

ಉತ್ತರ: ಯಾರು ಹೇಳಿದ್ದು? ಒಂದು ಗ್ರಾಂ ಕಾರ್ಬ್‌ಗೆ 4 ಕ್ಯಾಲರಿ, ಕೊಬ್ಬಿಗೆ 9. ಒಂದು ಹಿಡಿ ಬಾದಾಮಿ, ಅಂದರೆ 30 ಗ್ರಾಂ, ಸುಮಾರು 170 ಕ್ಯಾಲರಿ. ಟಿವಿ ನೋಡುತ್ತಾ ಸುಮ್ನೆ ಮೂರು ಹಿಡಿ ಖಾಲಿಯಾಗುತ್ತದೆ, ಗೊತ್ತೇ ಆಗುವುದಿಲ್ಲ. ಬಟ್ಟಲಿಗೆ ಒಂದು ಹಿಡಿ ಹಾಕಿಕೊಳ್ಳಿ, ಡಬ್ಬ ಅಡುಗೆಮನೆಯಲ್ಲೇ ಇರಲಿ.