ಸುಂಕದವನ ಮುಂದೆ ಬಿದರಿ ಹೂಜಿ

ಪತ್ರ: ಬೀದರ್‌ನಲ್ಲಿ ನಮ್ಮದೊಂದು ಚಿಕ್ಕ ಬಿದರಿ ಕಾರ್ಖಾನೆ. ಮೂವರು ಕೆಲಸಗಾರರಿದ್ದಾರೆ. ಅಮೆರಿಕದಲ್ಲಿರುವ ಕನ್ನಡಿಗರು ಮೊಬೈಲ್‌ನಲ್ಲಿ ಚಿತ್ರ ನೋಡಿ ಆರ್ಡರ್ ಕೊಡುತ್ತಿದ್ದರು, ನಾವು ಅಂಚೆಯಲ್ಲಿ ಕಳುಹಿಸುತ್ತಿದ್ದೆವು. ಭಾರತದ ಸರಕಿನ ಮೇಲೆ ಅಮೆರಿಕ 50 ಶೇಕಡಾ ಸುಂಕ ಹಾಕಿದ 2025ರ ಆಗಸ್ಟ್‌ನಿಂದ ಎಲ್ಲ ನಿಂತಿದೆ. 80 ಡಾಲರ್‌ನ ಹೂಜಿಗೆ 40 ಡಾಲರ್ ಸುಂಕ. 60ಕ್ಕೆ ಕೊಟ್ಟರೆ ಮಾತ್ರ ಕೊಳ್ಳುತ್ತೇನೆ ಎನ್ನುತ್ತಾರೆ ಒಬ್ಬರು. ಕೂಲಿ ಇಳಿಸೋಣ ಎಂದು ಯಜಮಾನರು ಹೇಳುತ್ತಾರೆ. ನಮ್ಮ ಸರ್ಕಾರವೂ ಅವರ ಸರಕಿನ ಮೇಲೆ ಅಷ್ಟೇ ಸುಂಕ ಹಾಕಲಿ ಎನ್ನುವುದು ನನ್ನ ಅಣ್ಣನ ವಾದ. ಪೊಟ್ಟಣದ ಮೇಲೆ ‘ಉಡುಗೊರೆ’ ಎಂದು ಬರೆಯಿರಿ ಎಂದು ಕೆಲವರ ಸಲಹೆ. ನೀವೇನು ಹೇಳುತ್ತೀರಿ?
– ಓದುಗರೊಬ್ಬರು, ಬೀದರ್

ಸಂಪಾದಕರ ಉತ್ತರ:

ಸೋದರಿ, 2025ರ ದೀಪಾವಳಿ ಮುಗಿದ ವಾರ ಬಂದ ಪತ್ರಗಳಲ್ಲಿ ಬಹುಪಾಲು ಕವಿತೆಗಳು. ನಡುವೆ ನಿಮ್ಮ ಲೆಕ್ಕದ ಪತ್ರ ಸಿಕ್ಕಿತು. ಕವಿಗಳು ಕ್ಷಮಿಸಬೇಕು, ಈ ಸಲದ ಜಾಗ ಇದಕ್ಕೇ.

ನಿಮ್ಮ ಅಣ್ಣನ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಮದ್ದನ್ನು ನಾವು ಒಮ್ಮೆ ಕುಡಿದು ನೋಡಿದ್ದೇವೆ. 2019ರ ಜೂನ್‌ನಲ್ಲಿ ಭಾರತ ಅಮೆರಿಕದ 28 ಸರಕುಗಳ ಮೇಲೆ ಪ್ರತಿಸುಂಕ ಹಾಕಿತು. ಸೇಬು, ಬಾದಾಮಿ, ಅಕ್ರೋಟು ಎಲ್ಲ ಅದರಲ್ಲಿದ್ದವು. 2023ರಲ್ಲಿ ಈ ಮೂರರ ಮೇಲಿನ ಪ್ರತಿಸುಂಕವನ್ನು ತೆಗೆದದ್ದೂ ಆಯಿತು. ಅಷ್ಟರಲ್ಲಿ ಬೀದರ್‌ನ ಒಂದು ಹೂಜಿಗಾದರೂ ಲಾಭವಾಯಿತೇ? ಅಣ್ಣನವರನ್ನು ಕೇಳಿ.

ನನ್ನನ್ನು ಕೆಣಕಿದ್ದು ನಿಮ್ಮ ಯಜಮಾನರ ಮಾತು.

ಬಿದರಿ ಹೂಜಿಯ ಬೆಲೆಯೊಳಗೆ ಏನೇನಿದೆ ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಸತು ಮತ್ತು ತಾಮ್ರದ ಎರಕ, ಅರ ಹಾಕಿ ನಯಗೊಳಿಸುವುದು, ಮೈಲುತುತ್ತದ ನೀರಿನಲ್ಲಿ ಕಪ್ಪಾಗಿಸಿ ಅದರ ಮೇಲೆ ಉಳಿಯಿಂದ ಕೆತ್ತುವುದು, ಕೆತ್ತಿದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸಿ ಬಡಿಯುವುದು, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದಲ್ಲಿ ಕುದಿಸಿ ಆ ಕಾಡಿಗೆಯ ಬಣ್ಣ ತರುವುದು. ಬೆಳ್ಳಿ 2025ರಲ್ಲೇ ಕಿಲೋಗೆ ಒಂದೂವರೆ ಲಕ್ಷ ದಾಟಿತು, ಅದು ನಿಮ್ಮ ಮಾತು ಕೇಳುವುದಿಲ್ಲ. ಸತುವಿನ ದರ ನಿಮ್ಮನ್ನು ಕೇಳಿ ಏರುವುದಿಲ್ಲ. ವಾಷಿಂಗ್ಟನ್ ಅಂತೂ ಕೇಳುವುದೇ ಇಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಉಳಿಯುವುದು ಉಳಿ ಹಿಡಿದವನ ಕೂಲಿ ಒಂದೇ. ಅದಕ್ಕೇ ಎಲ್ಲರ ಕೈಯೂ ಅಲ್ಲಿಗೇ ಹೋಗುತ್ತದೆ.

ಸುಂಕ ಕಟ್ಟುವವನು ಆಮದು ಮಾಡಿಕೊಳ್ಳುವವನು, ಹಣ ಸೇರುವುದು ಅಮೆರಿಕದ ಖಜಾನೆಗೆ. ಪುಸ್ತಕದಲ್ಲಿ ಹಾಗಿದೆ. ನಡೆಯುವುದು ಹೀಗೆ: ಅವನು ಅಂಗಡಿಯವರಿಗೆ ಬೆಲೆ ಇಳಿಸಿ ಎನ್ನುತ್ತಾನೆ, ಅಂಗಡಿಯವರು ಕಾರೀಗಾರನಿಗೆ ಕೂಲಿ ಇಳಿಸು ಎನ್ನುತ್ತಾರೆ. ಕಾರೀಗಾರ ಯಾರ ಕಡೆ ತಿರುಗಬೇಕು? ಕಿರಾಣಿ ಅಂಗಡಿಯವನ ಕಡೆಗೇ? ನಿಮ್ಮ ಗಿರಾಕಿಯ ಲೆಕ್ಕವನ್ನೇ ನೋಡಿ. 60 ಡಾಲರ್‌ಗೆ 30 ಸುಂಕ ಸೇರಿ ಅವರಿಗೆ ಬೀಳುವುದು 90. ಮೊದಲಿಗಿಂತ 10 ಡಾಲರ್ ಮಾತ್ರ ಹೆಚ್ಚು. ನೀವು ಬಿಡುವುದು 20. ಅವರಿಗಿಂತ ಇಮ್ಮಡಿ ಭಾರ ಬೀದರ್‌ನ ಓಣಿಯೊಂದು ಹೊರಬೇಕಂತೆ.

ಇನ್ನೊಂದು ಮಾತು ಪತ್ರಿಕೆಗಳ ಮುಖಪುಟದಲ್ಲಿ ದೊಡ್ಡದಾಗಿ ಬರಲಿಲ್ಲ. ಆಗಸ್ಟ್ 27ರ 50 ಶೇಕಡಾ ಎಲ್ಲರಿಗೂ ಗೊತ್ತು. ಎರಡು ದಿನ ಬಿಟ್ಟು, 29ರಂದು, 800 ಡಾಲರ್‌ಗಿಂತ ಹೆಚ್ಚಿಲ್ಲದ ಪೊಟ್ಟಣಗಳಿಗೆ ಇದ್ದ ಸುಂಕದ ವಿನಾಯಿತಿಯನ್ನೂ ಅಮೆರಿಕ ಕಿತ್ತುಹಾಕಿತು. ಕಂಟೇನರ್‌ಗಟ್ಟಲೆ ಸರಕು ಕಳುಹಿಸುವವರು ಆ ಕಿಂಡಿಯಲ್ಲಿ ತೂರುತ್ತಿರಲಿಲ್ಲ, ತೂರುತ್ತಿದ್ದವರು ನಿಮ್ಮಂಥವರು. ದೊಡ್ಡವರು ಗಡುವಿಗೆ ಮೊದಲೇ ಹಡಗು ತುಂಬಿಸಿ ಅಲ್ಲಿನ ಗೋದಾಮಿನಲ್ಲಿ ಸರಕು ಇಟ್ಟುಕೊಳ್ಳಬಹುದು. ನಿಮ್ಮ ಗೋದಾಮು ಮಂಚದ ಕೆಳಗಿದೆ.

ಅಂಚೆ ಇಲಾಖೆ ನಿಲ್ಲಿಸಿದ್ದ ಸೇವೆ 2025ರ ಅಕ್ಟೋಬರ್ 15ರಿಂದ ಮತ್ತೆ ತೆರೆದಿದೆ. ಸುಂಕವನ್ನು ಇಲ್ಲೇ ಮುಂಗಡವಾಗಿ ಕಟ್ಟಬೇಕು. ಸೇವೆ ತೆರೆದಾಗ ಅದು ಘೋಷಿಸಿದ ಬೆಲೆಯ ಮೇಲೆ ನೇರ 50 ಶೇಕಡಾ ಇತ್ತು, ಕೊರಿಯರ್ ದಾರಿಯಲ್ಲಿ ಬೀಳುವ ಸರಕುವಾರು ಸುಂಕ ಅಂಚೆಗೆ ಇರಲಿಲ್ಲ. ಆದ್ದರಿಂದ ಅಂಚೆಯನ್ನು ಬಿಡಬೇಡಿ. ಬೆಲೆಪಟ್ಟಿಯಲ್ಲಿ ಸುಂಕವನ್ನು ಬೇರೆ ಸಾಲಿನಲ್ಲಿ ತೋರಿಸಿ. ಯಾರು ಯಾರಿಗೆ ಕೊಡುತ್ತಿದ್ದಾರೆ ಎಂದು ಗಿರಾಕಿಗೂ ತಿಳಿಯಲಿ.

‘ಉಡುಗೊರೆ’ಯ ವಿಷಯಕ್ಕೆ ನಿಮ್ಮನ್ನು ಸ್ವಲ್ಪ ಗದರಬೇಕಾಗಿದೆ. 100 ಡಾಲರ್‌ವರೆಗಿನ ಉಡುಗೊರೆಗೆ ಅಲ್ಲಿ ವಿನಾಯಿತಿ ಉಳಿದಿರುವುದು ನಿಜ. ಹಣ ಪಡೆದು ಕಳುಹಿಸಿದ್ದು ಉಡುಗೊರೆ ಹೇಗಾಗುತ್ತದೆ? ನಿಮ್ಮದೇ ಜಿಲ್ಲೆಯ ಕಲ್ಯಾಣದ ಶರಣರಲ್ಲಿ ಸುಂಕದ ಬಂಕಣ್ಣ ಎಂಬಾತನಿದ್ದ. ಸುಂಕ ವಸೂಲಿಯೇ ಅವನ ಕಾಯಕ, ಅದರ ಮಾತಿನಲ್ಲೇ ವಚನ ಕಟ್ಟಿದ. ಅವನ ಕಟ್ಟೆಯಲ್ಲಿ ಈ ಉಡುಗೊರೆ ದಾಟುತ್ತಿತ್ತೇ, ಯೋಚಿಸಿ. ಒಮ್ಮೆ ಸಿಕ್ಕಿಬಿದ್ದರೆ ಹಾಳಾಗುವುದು ನಿಮ್ಮ ಹೆಸರು ಮಾತ್ರವಲ್ಲ.

ನಾನು ಕಲಬುರಗಿಯವನು, ಸುಂಕ ಎಂದರೆ ನನಗೆ ತೊಗರಿ ನೆನಪಾಗುತ್ತದೆ. ಇಲ್ಲಿ ಕಥೆ ತಿರುವುಮುರುವು. ಹೊರಗಿನ ತೊಗರಿಗೆ 2025ರಲ್ಲಿ ಸುಂಕವೇ ಇರಲಿಲ್ಲ, ಆ ವಿನಾಯಿತಿಯನ್ನು 2026ರ ಮಾರ್ಚ್‌ವರೆಗೆ ವಿಸ್ತರಿಸಿದ್ದರು. ನಗರದ ಸಾರಿಗೆ ಬೇಳೆ ಅಗ್ಗವಾಗಬೇಕಲ್ಲ! ನೆಹರು ಗಂಜ್‌ನ ಅಡತ್ ಅಂಗಡಿಯೊಂದರಲ್ಲಿ ರೈತನೊಬ್ಬ ನನ್ನನ್ನು ಕೇಳಿದ್ದ, “ಸಾಹೇಬರೇ, ಈ ಮೊಜಾಂಬಿಕ್ ಯಾವ ಕಡೆ ಬರುತ್ತದೆ?” ದಾರಿ ಕೇಳುವವನ ಧಾಟಿಯಲ್ಲಿ. ಹೇಳಿದೆ. “ಅಷ್ಟು ದೂರದಿಂದ ಬಂದೂ ನನಗಿಂತ ಅಗ್ಗವೇ?” ಎಂದ. ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ಎಂಬ ಘೋಷಣೆ ಅವನಿಗೆ ಬಾಯಿಪಾಠವಾಗಿತ್ತು, ಅಂದಿನ ಸವಾಲಿನ ದರ ಅದರ ಹತ್ತಿರವೂ ಇರಲಿಲ್ಲ. ಅವರು ಸುಂಕ ಏರಿಸಿದರೆ ಬೀದರ್ ಅಳಬೇಕು, ನಾವು ಇಳಿಸಿದರೆ ಕಲಬುರಗಿ ಅಳಬೇಕು. ಎರಡು ಸಲವೂ ನಮ್ಮನ್ನು ಕೇಳಿದವರಿಲ್ಲ. ಕಲಬುರಗಿ ತೊಗರಿಗೆ 2019ರಲ್ಲಿ, ನಿಮ್ಮ ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲು ಅಡ್ಡಿಯಿಲ್ಲ.

ಮಾನ್ಯತೆಗೇನೂ ಬರವಿಲ್ಲ ಬಿಡಿ. 2023ರಲ್ಲಿ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ನಾವೂ ಮುಖಪುಟದಲ್ಲಿ ಚಿತ್ರ ಹಾಕಿ ಬೀಗಿದೆವು. ಅದೇ ವರ್ಷ ಈ ಭಾಗದಲ್ಲಿ ನಾನು ಹೋದ ಸನ್ಮಾನ ಸಮಾರಂಭಗಳಲ್ಲಿ ಕೊಟ್ಟದ್ದೇನು? ಚಿನ್ನದ ಬಣ್ಣ ಬಳಿದ ಪ್ಲಾಸ್ಟಿಕ್ ಫಲಕ. ನನ್ನ ಮನೆಯ ಅಟ್ಟದಲ್ಲಿ ಅಂಥವು ಹನ್ನೊಂದಿವೆ, ಎರಡರಲ್ಲಿ ನನ್ನ ಹೆಸರೇ ತಪ್ಪಾಗಿದೆ. ನಮ್ಮ ಕಲೆಯನ್ನು ನ್ಯೂಜೆರ್ಸಿಯವರು ಕೊಳ್ಳಲಿ ಎಂದು ಕಾಯುತ್ತೇವೆ, ಅವರು ಬಿಟ್ಟರೆ ಎದೆ ಬಡಿದುಕೊಳ್ಳುತ್ತೇವೆ. ನೂರಾರು ಸಂಘ, ಮಠ, ಬ್ಯಾಂಕು, ಕಾಲೇಜುಗಳಿರುವ ಮೂರು ಜಿಲ್ಲೆಗಳು ವರ್ಷಕ್ಕೆ ಎಷ್ಟು ಫಲಕ ಹಂಚುತ್ತವೆ ಎಂಬುದನ್ನು ಯಾರಾದರೂ ಎಣಿಸಿದ್ದಾರೆಯೇ?

ನಮ್ಮ ಪತ್ರಿಕೆಯೂ ಅದೇ ಪಾಪ ಮಾಡಿದೆ, ಒಪ್ಪುತ್ತೇನೆ. ಸಂಕ್ರಾಂತಿಯ ಹೊತ್ತಿಗೆ ನಮ್ಮ ಕಥಾಸ್ಪರ್ಧೆಯ ಬಹುಮಾನ ವಿತರಣೆ ಇದೆ. ಅಂಗೈಯಗಲದ ಹನ್ನೆರಡು ಬಿದರಿ ಡಬ್ಬಿಗಳು ಬೇಕು, ಮುಚ್ಚಳದ ಮೇಲೆ ಬಳ್ಳಿ ಇರಲಿ, ಹೆಸರು ಬೇಡ. ದರಪಟ್ಟಿ ಕಳುಹಿಸಿ. ಕೂಲಿಯ ಸಾಲನ್ನು ಆಗಸ್ಟ್‌ಗೆ ಮೊದಲು ಇದ್ದಂತೆಯೇ ಬರೆಯಲು ಯಜಮಾನರಿಗೆ ಹೇಳಿ.