ಸಿನಿಮಾ ನೋಡಿದರೆ ಅಳು ಬರುತ್ತೆ, ಥೆರಪಿಸ್ಟ್ ಮುಂದೆ ಬರಲ್ಲ

ಪ್ರಶ್ನೆ: ನನಗೆ 31 ವರ್ಷ. ಐದು ತಿಂಗಳಿಂದ ವಾರಕ್ಕೊಮ್ಮೆ ಥೆರಪಿಗೆ ಹೋಗುತ್ತಿದ್ದೇನೆ. ಈಚೆಗೆ ಥೆರಪಿ ಇರುವ ಸಿನಿಮಾಗಳನ್ನೇ ಹುಡುಕಿ ಹುಡುಕಿ ನೋಡುತ್ತೇನೆ. ಹೋದ ಶನಿವಾರ ‘ಗುಡ್ ವಿಲ್ ಹಂಟಿಂಗ್’ ನೋಡಿದೆ. ಥೆರಪಿಸ್ಟ್ ಆ ಹುಡುಗನಿಗೆ ‘ಇದು ನಿನ್ನ ತಪ್ಪಲ್ಲ’ ಅಂತ ಮತ್ತೆ ಮತ್ತೆ ಹೇಳುವ ಕಡೆ ಬಿಕ್ಕಿ ಬಿಕ್ಕಿ ಅತ್ತೆ. ನನ್ನ ಥೆರಪಿಸ್ಟ್ ಎದುರು ಮಾತ್ರ ಒಂದು ದಿನವೂ ಅಳು ಬಂದಿಲ್ಲ. ಅವರು ಅಂಥ ದೊಡ್ಡ ಮಾತು ಯಾವುದನ್ನೂ ಹೇಳಿಯೂ ಇಲ್ಲ. ನನ್ನ ಥೆರಪಿ ಸಪ್ಪೆ ಅನಿಸತೊಡಗಿದೆ. ಇಂಥ ಸಿನಿಮಾ ನೋಡುವುದು ತಪ್ಪಾ? ಇದನ್ನೆಲ್ಲ ಅವರಿಗೆ ಹೇಳಬೇಕಾ?
– ಓದುಗರು, ಮೈಸೂರು

ಉತ್ತರ: ಹೇಳಿ. ಮುಂದಿನ ಸಲ ಹೋದಾಗಲೇ ಹೇಳಿ. ಸಿನಿಮಾ ನೋಡುವುದರಲ್ಲಿ ತಪ್ಪೇನೂ ಇಲ್ಲ. ಯಾಕೆ ಹೇಳಬೇಕು ಅನ್ನುವುದಕ್ಕೆ ನನ್ನದೇ ಒಂದು ಅನುಭವ ಇದೆ.

ಥೆರಪಿಸ್ಟ್ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನಾನೂ ಥೆರಪಿಗೆ ಹೋಗುತ್ತಿದ್ದೆ. ಒಂದು ಭಾನುವಾರ ಊರಲ್ಲಿ ಅಮ್ಮನ ಜೊತೆ ಟಿವಿಯಲ್ಲಿ ‘ಶರಪಂಜರ’ ನೋಡಲು ಕೂತೆ. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ಮಾಡಿದ ಸಿನಿಮಾ. ನಾಯಕಿ ಕಾವೇರಿಗೆ ಮನಸ್ಸಿನ ಕಾಯಿಲೆ ಬರುತ್ತದೆ, ಆಸ್ಪತ್ರೆಯಲ್ಲಿ ವಾಸಿಯಾಗುತ್ತದೆ. ಮನೆಗೆ ವಾಪಸ್ ಬಂದರೆ ಅವಳನ್ನು ವಾಸಿಯಾದವಳು ಅಂತ ಯಾರೂ ನೋಡುವುದೇ ಇಲ್ಲ. ಆ ವಾರದ ಸೆಷನ್‌ನಲ್ಲಿ ನಾನು ಇದರ ಕಥೆ, ಕಲ್ಪನಾ ಅವರ ಅಭಿನಯ, ನಮ್ಮ ಸಮಾಜ ಅಂತ ಇಪ್ಪತ್ತು ನಿಮಿಷ ಮಾತಾಡಿದೆ. ನನ್ನ ಥೆರಪಿಸ್ಟ್ ಸುಮ್ನೆ ಕೇಳಿಸಿಕೊಂಡರು. ಕೊನೆಗೆ ಕೇಳಿದ್ದು ಒಂದೇ ಮಾತು: ‘ಆಗ ನಿಮ್ಮಮ್ಮ ಎಲ್ಲಿದ್ದರು?’

ಅಮ್ಮ ಅಡುಗೆಮನೆಯಲ್ಲಿದ್ದರು. ಕಾವೇರಿ ಮನೆಗೆ ಬರುವ ಹೊತ್ತಿಗೆ ಎದ್ದು ಹೋಗಿದ್ದರು. ಆಗಲೇ ತೊಳೆದು ಬೋರಲು ಹಾಕಿದ್ದ ಪಾತ್ರೆಗಳನ್ನು ಮತ್ತೆ ನಲ್ಲಿ ಕೆಳಗೆ ಹಿಡಿದು ತೊಳೆಯುತ್ತಿದ್ದರು. ಆ ಸದ್ದು ಕೇಳಿಸಿಕೊಂಡೇ ನಾನು ಉಳಿದ ಸಿನಿಮಾ ನೋಡಿದ್ದೆ. ನಮ್ಮ ಚಿಕ್ಕಮ್ಮನನ್ನು ಬಾಣಂತಿಯಾಗಿದ್ದಾಗ ಹೀಗೇ ಆಸ್ಪತ್ರೆಗೆ ಸೇರಿಸಿದ್ದರು. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಒಂದು ವರ್ಷ ಥೆರಪಿಗೆ ಹೋಗಿ ನಾನೂ ಎತ್ತಿರಲಿಲ್ಲ. ಅವತ್ತು ಪಾತ್ರೆ ತೊಳೆಯುವ ಸದ್ದಿನ ಬಗ್ಗೆ ಹೇಳುತ್ತಾ ಹೇಳುತ್ತಾ ಚಿಕ್ಕಮ್ಮನ ಹೆಸರು ಬಾಯಿಗೆ ಬಂತು.

ನಿಮಗೆ ಶನಿವಾರ ಆಗಿದ್ದೂ ಇಂಥದ್ದೇ ಇರಬಹುದು. ಸಿನಿಮಾದಲ್ಲಿ ನೋವು ಬೇರೆಯವರದು. ನಮ್ಮನ್ನು ಯಾರೂ ನೋಡುತ್ತಿರುವುದಿಲ್ಲ. ಹಾಗಾಗಿ ಮನಸ್ಸು ಬಾಗಿಲ ಚಿಲಕ ತೆಗೆಯುತ್ತದೆ. ಥೆರಪಿ ಕೋಣೆಯಲ್ಲಿ ಎದುರಿಗೆ ಕೂತವರು ನಮ್ಮನ್ನೇ ನೋಡುತ್ತಿರುತ್ತಾರೆ. ಅಲ್ಲಿ ಅಳು ಗಂಟಲಲ್ಲೇ ನಿಂತರೆ ಅದು ನಿಮ್ಮ ದೋಷವಲ್ಲ, ಅವರ ದೋಷವೂ ಅಲ್ಲ. ಅತ್ತರೇ ಥೆರಪಿ ಕೆಲಸ ಮಾಡಿತು ಅನ್ನುವ ಲೆಕ್ಕವೂ ಇಲ್ಲ. ಆದರೆ ‘ಇದು ನಿನ್ನ ತಪ್ಪಲ್ಲ’ ಅನ್ನುವ ಮಾತಿಗೇ ನಿಮಗೆ ಕಟ್ಟೆ ಒಡೆಯಿತು, ಅಲ್ವಾ? ಆ ಮಾತನ್ನು ನಿಮಗೆ ಯಾರು ಹೇಳಬೇಕಿತ್ತು? ಯಾವಾಗ? ಇದಕ್ಕೆ ನನಗೆ ಉತ್ತರ ಬರೆಯಬೇಡಿ. ನಿಮ್ಮ ಥೆರಪಿಸ್ಟ್ ಹತ್ತಿರ ತೆಗೆದುಕೊಂಡು ಹೋಗಿ.

ಇನ್ನು ‘ಸಪ್ಪೆ’ ಅನ್ನುವ ಮಾತು. ಅದೇ ಸಿನಿಮಾದಲ್ಲಿ ಒಂದು ಸೆಷನ್ ಪೂರ್ತಿ ಇಬ್ಬರೂ ತುಟಿ ಬಿಚ್ಚದೆ ಕೂತಿರುತ್ತಾರೆ, ಗಮನಿಸಿದಿರಾ? ತೆರೆ ಮೇಲೆ ಅದು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತದೆ. ನಿಜವಾಗಿ ಹಾಗೆ ಕೂತರೆ ಗಡಿಯಾರದ ಮುಳ್ಳೇ ಸರಿಯುವುದಿಲ್ಲ. ವಾರಗಟ್ಟಲೆ ಆಫೀಸಿನ ಜಗಳ, ನಿದ್ದೆ, ಅತ್ತೆಮನೆಯ ಊಟ ಅಂತ ಮಾತಾಡಿ, ಇವರನ್ನು ನಂಬಬಹುದಾ ಅಂತ ಒಳಗೊಳಗೇ ಅಳೆದು ನೋಡುವ ಕಾಲವನ್ನು ಸಿನಿಮಾ ಕತ್ತರಿಸಿ ಬಿಡುತ್ತದೆ. ಬೇರೆ ದಾರಿ ಇಲ್ಲ ಅದಕ್ಕೆ. 1926ರಲ್ಲಿ ಜರ್ಮನಿಯಲ್ಲಿ ಮನೋವಿಶ್ಲೇಷಣೆಯ ಮೇಲೆ ಒಂದು ಮೂಕಿ ಚಿತ್ರ ಬಂತು. ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ಅವರ ಶಿಷ್ಯರೇ ಅದಕ್ಕೆ ಸಲಹೆ ಕೊಟ್ಟಿದ್ದರು. ಫ್ರಾಯ್ಡ್ ಮಾತ್ರ ಒಪ್ಪಲಿಲ್ಲ. ಈ ಕೆಲಸವನ್ನು ಚಿತ್ರದಲ್ಲಿ ತೋರಿಸಲು ಆಗುವುದಿಲ್ಲ ಅನ್ನುವುದು ಅವರ ನಿಲುವು. ನನಗೆ ಸಿನಿಮಾ ಬಹಳ ಇಷ್ಟ, ಆದರೂ ಈ ವಿಷಯದಲ್ಲಿ ನಾನು ಫ್ರಾಯ್ಡ್ ಕಡೆ.

ತೆರೆಯ ಥೆರಪಿಸ್ಟ್‌ಗಳ ಎಲ್ಲೆ ಮೀರಿದ ನಡತೆಯೂ ನಮಗೆ ಪ್ರೀತಿಯ ಥರ ಕಾಣುತ್ತದೆ. ನೀವು ನೋಡಿದ ಸಿನಿಮಾದಲ್ಲೇ ಮೊದಲ ಭೇಟಿಯಲ್ಲಿ ಥೆರಪಿಸ್ಟ್ ಹುಡುಗನ ಕುತ್ತಿಗೆ ಹಿಡಿಯುತ್ತಾರೆ. ನಿಜದಲ್ಲಿ ಯಾರಾದರೂ ಹಾಗೆ ಮಾಡಿದರೆ ಎದ್ದು ಬನ್ನಿ, ದೂರು ಕೊಡಿ. ಪುಟ್ಟಣ್ಣನವರ ‘ಮಾನಸ ಸರೋವರ’ದಲ್ಲಿ (1982) ಮನೋವೈದ್ಯ ತಾನು ಗುಣಪಡಿಸಿದ ಹುಡುಗಿಯನ್ನೇ ಪ್ರೀತಿಸುತ್ತಾನೆ. ಅವಳು ಇನ್ನೊಬ್ಬನನ್ನು ಮೆಚ್ಚುತ್ತಾಳೆ, ವೈದ್ಯನೇ ಹುಚ್ಚನಾಗುತ್ತಾನೆ. ನಮ್ಮ ಥೆರಪಿಸ್ಟ್ ಯಾಕೆ ಮನೆಗೆ ಊಟಕ್ಕೆ ಬರುವುದಿಲ್ಲ, ಯಾಕೆ ಸಮಯ ಮುಗಿದ ಕೂಡಲೇ ಏಳುತ್ತಾರೆ ಅಂತ ಬೇಜಾರಾಗುವವರು ಇದನ್ನು ನೋಡಬೇಕು. ‘ಡಿಯರ್ ಜಿಂದಗಿ’ಯಲ್ಲಿ (2016) ಸಮುದ್ರದ ದಂಡೆಯಲ್ಲಿ ಅಡ್ಡಾಡುತ್ತಾ ನಡೆಯುವ ಸೆಷನ್ ನನಗೆ ಒಪ್ಪಿಗೆಯಿಲ್ಲ. ಪಕ್ಕದಲ್ಲಿ ಹೋಗುವವರ ಕಿವಿಗೆ ಬೀಳುವ ಜಾಗ ಅದು. ಆದರೆ ಕೊನೆಯಲ್ಲಿ ಥೆರಪಿಗೆ ಬರುತ್ತಿದ್ದ ಹುಡುಗಿ ಇನ್ನೂ ಭೇಟಿಯಾಗೋಣ ಅಂದಾಗ ಡಾಕ್ಟರ್ ಬೇಡ ಅನ್ನುತ್ತಾರಲ್ಲ, ಅದು ಸರಿಯಾದ ಕೆಲಸ. ಆ ‘ಬೇಡ’ದಲ್ಲೂ ಅಕ್ಕರೆ ಇದೆ.

ಹಾಗಂತ ನಿಮ್ಮ ಬೇಸರವನ್ನು ಪೂರ್ತಿ ಸಿನಿಮಾ ತಲೆಗೆ ಕಟ್ಟಬೇಡಿ. ಐದು ತಿಂಗಳಾದರೂ ಯಾವ ವಿಷಯದ ಮೇಲೆ ಕೆಲಸ ನಡೀತಿದೆ ಅನ್ನೋದೇ ನಿಮಗೆ ಗೊತ್ತಿಲ್ಲದಿದ್ದರೆ, ಅದನ್ನು ನೇರವಾಗಿ ಕೇಳುವ ಹಕ್ಕು ನಿಮಗಿದೆ. ಒಳ್ಳೆಯ ಥೆರಪಿಸ್ಟ್ ಇದಕ್ಕೆ ಮುಖ ಗಂಟಿಕ್ಕುವುದಿಲ್ಲ. ಮಾತಾಡಿದ ಮೇಲೂ ಹೊಂದಿಕೆಯಾಗದಿದ್ದರೆ ಬೇರೆಯವರನ್ನು ನೋಡಬಹುದು.

ಒಂದು ಎಚ್ಚರಿಕೆ. ಹೊಡೆತ, ಲೈಂಗಿಕ ಹಿಂಸೆ, ಆತ್ಮಹತ್ಯೆ ಇರುವ ಸಿನಿಮಾಗಳನ್ನು ರಾತ್ರಿ ಒಬ್ಬರೇ ಕೂತು ನೋಡಬೇಡಿ, ಅದರಲ್ಲೂ ನಿಮ್ಮ ಬದುಕಲ್ಲಿ ಅಂಥದ್ದು ನಡೆದಿದ್ದರೆ. ಎದೆ ಬಡಿತ ಜಾಸ್ತಿಯಾದರೆ, ಕೈಕಾಲು ತಣ್ಣಗಾದರೆ ಅಲ್ಲಿಗೇ ನಿಲ್ಲಿಸಿ, ದೀಪ ಹಾಕಿ, ಯಾರ ಜೊತೆಗಾದರೂ ಮಾತಾಡಿ. ಸಾಯುವ ಯೋಚನೆ ಬಂದರೆ ಮುಂದಿನ ಸೆಷನ್‌ವರೆಗೂ ಕಾಯಲೇಬೇಡಿ. ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಥೆರಪಿಸ್ಟ್ ಹತ್ತಿರ ಹೇಗೆ ಶುರು ಮಾಡೋದು ಅಂತ ತೋಚದಿದ್ದರೆ ಹೀಗೆ ಹೇಳಿ: ‘ಶನಿವಾರ ಒಂದು ಸಿನಿಮಾ ನೋಡಿ ತುಂಬ ಅತ್ತೆ. ಇಲ್ಲಿ ಯಾಕೆ ಅಳು ಬರಲ್ಲ ಅಂತ ಯೋಚನೆ ಆಗ್ತಿದೆ.’ ಇಷ್ಟು ಸಾಕು. ಕಥೆಯನ್ನು ಎರಡು ನಿಮಿಷದಲ್ಲಿ ಮುಗಿಸಿ. ಆ ದೃಶ್ಯ ಬಂದಾಗ ನೀವು ಎಲ್ಲಿ ಕೂತಿದ್ದಿರಿ, ಯಾರ ಮುಖ ನೆನಪಾಯಿತು, ಸಿನಿಮಾ ಮುಗಿದ ಮೇಲೆ ಏನು ಮಾಡಿದಿರಿ, ಅದನ್ನು ನಿಧಾನವಾಗಿ ಹೇಳಿ.