ಸರ್ಪಸುತ್ತಿನ ಉರಿಗೆ ಮೆಣಸಿನಕಾಯಿ ಹಚ್ಚಬಹುದಾ?

ಸರ್ಪಸುತ್ತು ವಾಸಿಯಾದ ಮೇಲೂ ಅಮ್ಮನಿಗೆ ಉರಿ ನಿಂತಿಲ್ಲ, ಮೆಣಸಿನಕಾಯಿ ಅರೆದು ಹಚ್ಚಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹಚ್ಚಬೇಡಿ, ಚರ್ಮ ಸುಟ್ಟು ಬೊಬ್ಬೆ ಬರಬಹುದು.

ಮೆಣಸಿನಕಾಯಿಯ ಖಾರದ ಅಂಶ ಈ ನೋವಿಗೆ ಔಷಧಿ ಅಂತ ನೀವು ಓದಿದ್ದು ಸುಳ್ಳಲ್ಲ. ಮೆಣಸಿನಕಾಯಿಯ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್. ಅದು ಶೇ. 8ರಷ್ಟಿರುವ ಪ್ಯಾಚ್‌ಗೆ ಅಮೆರಿಕದಲ್ಲಿ 2009ರಲ್ಲಿ ಇದೇ ನೋವಿಗಾಗಿ ಒಪ್ಪಿಗೆ ಸಿಕ್ಕಿತು. ಆಸ್ಪತ್ರೆಯಲ್ಲೇ, ಗ್ಲೌಸ್ ಹಾಕಿಕೊಂಡು ಅಂಟಿಸಿ, ಒಂದು ಗಂಟೆ ಬಿಟ್ಟು ತೆಗೆಯುತ್ತಾರೆ. ಮೊದಲು ಉರಿ ಜಾಸ್ತಿಯೇ ಆಗುತ್ತದೆ. ಆಮೇಲೆ ಚರ್ಮದಲ್ಲಿನ ನೋವಿನ ನರಗಳ ತುದಿಗಳು ಕೆಲಕಾಲ ಮಂಕಾಗುತ್ತವೆ. ಮೂರು ತಿಂಗಳವರೆಗೂ ಆರಾಮ ಸಿಗಬಹುದು, ಆದರೆ ಎಲ್ಲರಿಗೂ ಅಲ್ಲ.

ಸೀರೆ ತಾಕಿದರೂ ನೋಯುತ್ತದೆ ಅಂದಿರಲ್ಲ, ಆ ಸಂಕಟವನ್ನು ನನ್ನ ಅಜ್ಜಿಯಲ್ಲಿ ನೋಡಿದ್ದೇನೆ. ಚರ್ಮವನ್ನು ಮರಗಟ್ಟಿಸುವ ಲಿಡೊಕೇನ್ ಔಷಧಿಯ ಪ್ಯಾಚ್ ಅಮ್ಮನಿಗೆ ಆಗುತ್ತದಾ ಅಂತ ಡಾಕ್ಟರ್ ಹತ್ತಿರ ಕೇಳಿ, ತಡ ಮಾಡಬೇಡಿ.